ಗೋಡೆಯಾಚೆ ಕೇಳಿಸಿದ ಓದು

ನಾನು ಓದುವುದನ್ನೆಲ್ಲ ಊರೇ ಕೇಳುವಂತಾದದ್ದು ಆಫೀಸಿಗೆ ಹೊಸ ಕಂಪ್ಯೂಟರ್ ಬಂದ ಮೇಲೆ. ದಾಂಡೇಲಿಯ ಪೇಪರ್ ಮಿಲ್ಲಿಗೆ ಬಿದಿರು ತರುವ, ಮಿಲ್ಲಿನಿಂದ ಕಾಗದ ಒಯ್ಯುವ ಲಾರಿಗಳ ಆಫೀಸು ಅದು. ಅಲ್ಲಿ ಫೋನ್ ಎತ್ತುವುದು, ಪತ್ರ ಟೈಪ್ ಮಾಡುವುದು, ಯಾವ ಲಾರಿ ಯಾವ ಘಟ್ಟದಲ್ಲಿ ಕೆಟ್ಟು ನಿಂತಿದೆ ಎಂದು ಕಂಪ್ಯೂಟರಿನಲ್ಲಿ ಬರೆದಿಡುವುದು ನನ್ನ ಕೆಲಸ. ನನಗೆ ಕಣ್ಣು ಕಾಣುವುದಿಲ್ಲ. ಮೂರನೆಯ ಇಯತ್ತೆಯಲ್ಲಿದ್ದಾಗ ಬಂದ ಜ್ವರ ಹೋಗುವಾಗ ಕಣ್ಣನ್ನೂ ತೆಗೆದುಕೊಂಡು ಹೋಯಿತು. ಬ್ರೈಲ್ ಕಲಿತದ್ದು ಅಂಧರ ಶಾಲೆಯಲ್ಲಿ. ಸಿಟ್ಟು ಮಾತ್ರ ಯಾರೂ ಕಲಿಸಿದ್ದಲ್ಲ. ಅದು ಹುಟ್ಟಿದಾಗಿನಿಂದಲೂ ನನ್ನ ಮೂಗಿನ ತುದಿಯಲ್ಲೇ ಇತ್ತು.

ಹೊಸ ಕಂಪ್ಯೂಟರಿನಲ್ಲಿ ವಿಂಡೋಸ್ ಇತ್ತು. ಅದನ್ನು ತಂದು ಜೋಡಿಸಿದವನು ನನಗಾಗಿ ಪರದೆಯನ್ನು ಓದಿ ಹೇಳುವ ಒಂದು ಪ್ರೋಗ್ರಾಮನ್ನೂ ಹಾಕಿಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಹಾಕಿದ. ನಾನು ಒಂದು ಅಕ್ಷರ ಒತ್ತಿದರೆ ಆ ಅಕ್ಷರ, ತಪ್ಪು ಒತ್ತಿದರೆ ಆ ತಪ್ಪು, ಅಳಿಸಿದರೆ ಅಳಿಸಿದ್ದು, ಎಲ್ಲವನ್ನೂ ಅದು ಮೂಗಿನಿಂದ ಮಾತಾಡುವ ದೊರೆಯಂತೆ ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿತ್ತು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಆಯಿತಲ್ಲ ಎಂದು ಎಲ್ಲರೂ ಹೇಳಿದರು. ನನ್ನ ಒಂದು ಕಿವಿ ಫೋನಿಗೆ, ಇನ್ನೊಂದು ಬಾಗಿಲಿಗೆ. ಬಾಗಿಲ ಕಡೆಯ ಕಿವಿಯನ್ನು ಮುಚ್ಚಿದರೆ ಮೇಜಿನ ಎದುರು ಯಾರು ಬಂದು ನಿಂತರು, ಎಷ್ಟು ಹೊತ್ತಿನಿಂದ ನಿಂತು ನನ್ನ ಮುಖ ನೋಡುತ್ತಿದ್ದಾರೆ ಎಂಬುದು ತಿಳಿಯದು. ಆ ನಾಚಿಕೆಗಿಂತ ಇದೇ ವಾಸಿ ಎಂದು ದನಿಯನ್ನು ಹೊರಗೇ ಬಿಟ್ಟೆ.

ಬಿಟ್ಟದ್ದೇ ತಡ, ಆಫೀಸು ಟೂರಿಂಗ್ ಟಾಕೀಸ್ ಆಯಿತು. ಡ್ರೈವರುಗಳು ಬಿದಿರು ಇಳಿಸಿ ಬರುವಾಗ ಕ್ಲೀನರನ್ನೂ ಕರೆದುಕೊಂಡು ಬಂದರು. ನಾನು ಊಟಕ್ಕೆ ಎದ್ದಾಗ ಯಾರೋ ಹೊಲಸು ಬೈಗುಳವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ, ಅದು ದೊರೆಯ ದನಿಯಲ್ಲಿ ಹೊರಬಂದಾಗ ಬಿದ್ದು ಬಿದ್ದು ನಕ್ಕರು. ಪಕ್ಕದ ಮೇಜಿನ ಕ್ಲಾರ್ಕು ನನ್ನ ಒಂದೊಂದು ತಪ್ಪಿಗೂ ನಾಲಿಗೆ ಲೊಚಗುಟ್ಟುವುದನ್ನು ರೂಢಿ ಮಾಡಿಕೊಂಡ. ಬೇರೆಯವರೆಲ್ಲ ತಪ್ಪು ಮಾಡಿ, ತಿದ್ದಿ, ಮುಖ ಗಂಟು ಹಾಕಿಕೊಂಡು ಪತ್ರ ಬರೆಯುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಬರವಣಿಗೆಯ ಒಳ ಉಡುಪೂ ಹಗ್ಗದ ಮೇಲೆ ಒಣಗುತ್ತಿತ್ತು. ನೆಲ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದೆ.

ಮೊದಲು ಹೀಗಿರಲಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಡಾಸ್ ಇದ್ದಾಗ ನನ್ನ ಹತ್ತಿರ ಚುಕ್ಕಿ ಹಲಗೆ ಇತ್ತು. ಹಾಗೆ ಹೆಸರಿಟ್ಟವಳು ನನ್ನ ಹೆಂಡತಿ. ಕೀಬೋರ್ಡಿನ ಕೆಳಗೆ ಇಡುವ ಉದ್ದನೆಯ ಪೆಟ್ಟಿಗೆ, ಅದರ ಮೇಲೆ ನಲವತ್ತು ಮನೆಗಳ ಒಂದು ಸಾಲು. ಪರದೆಯ ಮೇಲೆ ಯಾವ ಅಕ್ಷರ ಇದೆಯೋ ಅದರ ಬ್ರೈಲ್ ಆಕಾರದಲ್ಲಿ ಒಂದೊಂದು ಮನೆಯ ಸಣ್ಣ ಮೊನೆಗಳು ಎದ್ದು ನಿಲ್ಲುತ್ತಿದ್ದವು. ಬೆರಳು ಆಡಿಸಿದರೆ ಓದು. ಸದ್ದೆಂದರೆ ಹುರಿಗಡಲೆ ಸಿಡಿದಷ್ಟು. ನಾನು ಏನು ಓದುತ್ತಿದ್ದೇನೆ, ಎಲ್ಲಿ ತಪ್ಪಿದೆ ಎಂಬುದು ನನಗೂ ನನ್ನ ಬೆರಳಿಗೂ ಮಾತ್ರ ಗೊತ್ತು.

ಅದು ನನ್ನ ಕೈಗೆ ಬಂದದ್ದು ಮಾವನ ಹೆಗಲ ಮೇಲೆ. ನನ್ನ ಹೆಂಡತಿಯ ತವರು ಮುಂಡಗೋಡಿನ ಹತ್ತಿರದ ಒಂದು ಸಣ್ಣ ಹಳ್ಳಿ. ಮಾವ ಅಲ್ಲಿನ ಟಿಬೇಟಿಯನ್ನರ ಕ್ಯಾಂಪಿನಲ್ಲಿ ಗೋವಿನಜೋಳದ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ಒಮ್ಮೆ ಕ್ಯಾಂಪಿಗೆ ಬಂದ ಪರದೇಶದ ಮುದುಕಿಯೊಬ್ಬಳು ತೀರಿಹೋದ ತನ್ನ ಕುರುಡ ಗಂಡನ ಸಾಮಾನನ್ನು ಯಾರಿಗಾದರೂ ಕೊಡಬೇಕು ಎಂದು ಇಟ್ಟುಕೊಂಡಿದ್ದಳಂತೆ. ಮಾವ ಕೈಸನ್ನೆಯಲ್ಲೇ ತಮ್ಮ ಅಳಿಯನ ಸಂಗತಿ ಹೇಳಿ, ಅದನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದಾಂಡೇಲಿಗೆ ತಂದರು. ಜೊತೆಗೆ ಒಂದು ಫ್ಲಾಪಿ ಇತ್ತು, ಡಾಸ್‌ನಲ್ಲಿ ನಡೆಯುವ ಪ್ರೋಗ್ರಾಮು. ಅದು ಹೇಗೆ ಮೊನೆಗಳನ್ನು ಎಬ್ಬಿಸುತ್ತದೆ ಎಂಬ ಹುಚ್ಚು ಹಿಡಿದು ನಾನು ಪ್ರೋಗ್ರಾಮ್ ಬರೆಯುವುದನ್ನು ಕಲಿತೆ. ಹಳಿಯಾಳದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಮಾಸ್ತರರು ಪುಸ್ತಕವನ್ನು ಕ್ಯಾಸೆಟ್ಟಿಗೆ ಓದಿ ಕೊಡುತ್ತಿದ್ದರು. ನಾನು ಕೇಳಿ ಕೇಳಿ ಕ್ಯಾಸೆಟ್ಟಿನ ಟೇಪೇ ಸವೆಯಿತು. ತಂತಿಯಲ್ಲಿ ಯಾವ ಸಂಖ್ಯೆ ಕಳಿಸಿದರೆ ಯಾವ ಮೊನೆ ಏಳುತ್ತದೆ ಎಂಬುದು ಕೊನೆಗೆ ನನಗೆ ಬಾಯಿಪಾಠವಾಯಿತು.

ವಿಂಡೋಸ್ ಬಂದದ್ದೇ ಆ ಫ್ಲಾಪಿಯ ಆಟ ಮುಗಿಯಿತು. ಡಾಸ್‌ನಲ್ಲಿ ಪರದೆಯೆಂದರೆ ಬರೀ ಅಕ್ಷರಗಳ ಸಾಲು. ಹೊಸದರಲ್ಲಿ ಅಕ್ಷರವೂ ಚಿತ್ರ. ಚಿತ್ರದಿಂದ ಅಕ್ಷರ ಹೆಕ್ಕುವಷ್ಟು ವಿದ್ಯೆ ನನಗಿರಲಿಲ್ಲ. ಹಲಗೆ ಮತ್ತೆ ಕೌದಿಯೊಳಗೆ ಹೋಯಿತು.

ಇಷ್ಟರಲ್ಲಿ ಮಾಲಕರು ಒಂದು ದಿನ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಅವರು ಕುರ್ಚಿ ಎಳೆದರೆಂದರೆ ಮಾತು ಮೆತ್ತಗಿದ್ದರೂ ಸಂಗತಿ ಮೆತ್ತಗಿರುವುದಿಲ್ಲ.

"ನೋಡಪಾ, ಫೋನಿನ್ಯಾಗ ಗಿರಾಕಿಗೆ ನಿನ್ನಕಿಂತ ಮೊದಲ ಅದರ ದನಿ ಕೇಳಸ್ತೈತಿ. ಆಫೀಸೋ ಸಂತಿಯೋ ಅಂತ ಕೇಳಾಕತ್ತಾರ. ಕಂಪ್ಯೂಟರ್ ಕೆಲಸ ಕ್ಲಾರ್ಕ್ ಮಾಡ್ಲಿ. ನೀ ಬರೇ ಫೋನ್ ನೋಡಕೋ."

"ದೀಪಾವಳಿ ತನಕಾ ಟೈಮ್ ಕೊಡ್ರಿ. ಸದ್ದಿಲ್ಲದ ಮಾಡಿ ತೋರಸ್ತೇನಿ" ಎಂದೆ.

"ಏನರ ಮಾಡ್ಕೋ. ಕೆಲಸ ಆಗಬೇಕು, ಗದ್ದಲ ಆಗಬಾರದು" ಎಂದು ಎದ್ದರು.

ಬರೀ ಫೋನ್ ಎಂದರೆ ಏನೆಂದು ನನಗೆ ಗೊತ್ತಿತ್ತು. ಹಲೋ ಎನ್ನುವುದು, ಪಕ್ಕದವನಿಗೆ ಕೊಡುವುದು. ಓದು ಬರಹ ಇರುವವನ ಕುರ್ಚಿಯಿಂದ ಎಬ್ಬಿಸಿ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂರಿಸಿದ ಹಾಗೆ. ಅಂದು ಮನೆಗೆ ಹೋಗಿ ಹೆಂಡತಿಗೆ ಏನೂ ಹೇಳಲಿಲ್ಲ. ಹೇಳಲು ನಾಚಿಕೆ.

ದಾರಿ ತೋರಿಸಿದವರು ಹಳಿಯಾಳದ ಮಾಸ್ತರರೇ. ಲಿನಕ್ಸ್ ಎಂಬುದೊಂದಿದೆ, ಅದರಲ್ಲಿ ಇನ್ನೂ ಬರೀ ಅಕ್ಷರಗಳ ಪರದೆ ಸಿಗುತ್ತದೆ, ಪರದೆಯ ಮೇಲಿನ ಅಕ್ಷರಗಳನ್ನು ಪ್ರೋಗ್ರಾಮು ಸೀದಾ ಓದಿಕೊಳ್ಳಬಹುದು ಎಂದರು. ಪತ್ರಿಕೆಯೊಂದರ ಜೊತೆ ಬಂದಿದ್ದ ಅದರ ಸಿ.ಡಿ.ಯನ್ನೂ, ತಮ್ಮ ಕ್ಲಾಸಿನಲ್ಲಿ ಮೂಲೆಗೆ ಸೇರಿದ್ದ ಒಂದು ಹಳೆಯ ಕಂಪ್ಯೂಟರನ್ನೂ ಕೊಟ್ಟು, ಬೇಕಾದ ಪುಟಗಳನ್ನು ಕ್ಯಾಸೆಟ್ಟಿಗೆ ಓದಿದರು. ಮನೆಯಲ್ಲಿ ಲಿನಕ್ಸ್ ಹಾಕಿ, ಹಲಗೆಯ ಪ್ರೋಗ್ರಾಮನ್ನು ಅದಕ್ಕೆ ತಕ್ಕಂತೆ ಹೊಸದಾಗಿ ಬರೆದು, ಗೆದ್ದರೆ ಆಫೀಸಿನ ಕಂಪ್ಯೂಟರಿನಲ್ಲೂ ಅದಕ್ಕೊಂದಿಷ್ಟು ಜಾಗ ಮಾಡುವುದು ಎಂದು ಲೆಕ್ಕ ಹಾಕಿದೆ.

ಲೆಕ್ಕದಲ್ಲಿ ಒಂದು ತೊಡಕಿತ್ತು. ಹಲಗೆ ಎದ್ದರೆ ನಾನು ಲಿನಕ್ಸಿನ ಪರದೆ ಓದಬಲ್ಲೆ. ಆದರೆ ಹಲಗೆಯನ್ನು ಎಬ್ಬಿಸಬೇಕೆಂದರೆ ಮೊದಲು ಲಿನಕ್ಸಿನ ಪರದೆ ಓದಬೇಕು. ಅಲ್ಲಿಯವರೆಗೆ ಯಾರಾದರೂ ಕಣ್ಣು ಕೊಡಬೇಕು. ಮಾಸ್ತರರನ್ನು ಮತ್ತೆ ಮತ್ತೆ ದಾಂಡೇಲಿಗೆ ಕರೆಯಲು ನಾಚಿಕೆ. ಕ್ಲಾರ್ಕನ್ನು ಕೇಳುವುದಕ್ಕಿಂತ ಕಾಳಿ ಹೊಳೆಗೆ ಹಾರುವುದು ಮೇಲು. ಉಳಿದವಳು ಹೆಂಡತಿ.

ಅವಳು ಏಳನೆಯ ಇಯತ್ತೆವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದಳು. ಇಂಗ್ಲಿಷ್ ಅಕ್ಷರಗಳನ್ನು ಬಿಡಿಬಿಡಿಯಾಗಿ ಗುರುತಿಸುತ್ತಿದ್ದಳು, ಕೂಡಿಸಿ ಓದಲು ಬರುತ್ತಿರಲಿಲ್ಲ. ಸಾಕು, ಕೂಡಿಸುವುದು ನನ್ನ ಕೆಲಸ ಎಂದೆ. ರವಿವಾರ ಮಿಲ್ಲಿನ ಭೋಂಗಾ ಕೂಗಿದ ಮೇಲೆ, ಒಲೆ ಆರಿಸಿ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಸೆರಗಿನಲ್ಲಿ ರೊಟ್ಟಿಯ ಹಿಟ್ಟಿನ ವಾಸನೆ. ಗುರುತು ಚಿಹ್ನೆಗಳಿಗೆ ಅವಳೇ ಹೆಸರಿಟ್ಟಳು. ಓರೆಯಾಗಿ ಇರುವುದು ಓರೆಗೀಟು. ಮೇಲೊಂದು ಕೆಳಗೊಂದು ಇರುವುದು ಜೋಡು ಚುಕ್ಕಿ. ಸುತ್ತಿಕೊಂಡಿರುವ 'ಎ' ಎಂದರೆ ಚಕ್ಲಿ. ಮೊದಲ ದಿನ ಇಬ್ಬರೂ ನಕ್ಕೆವು. ನಕ್ಕದ್ದು ಅದೊಂದೇ ದಿನ.

ಲಿನಕ್ಸಿನಲ್ಲಿ ಕೂರುವವರಿಗೆಲ್ಲ ಒಂದು ಹೆಸರು ಬೇಕು. ನಾನು ನನ್ನ ಹೆಸರನ್ನೇ ಕೊಟ್ಟಿದ್ದೆ. ಆ ಹೆಸರಿನವನಿಗೆ ಒಂದು ಕೋಣೆ ಸಿಗುತ್ತದೆ, ಅವನ ಬರಹಗಳೆಲ್ಲ ಆ ಕೋಣೆಯಲ್ಲಿ. ಪ್ರತಿ ಸಾಲಿನ ಮೊದಲಿಗೂ ಅವನ ಹೆಸರು, ಆಮೇಲೆ ಚಕ್ಲಿ, ಆಮೇಲೆ ಕಂಪ್ಯೂಟರಿನ ಹೆಸರು ಬರುತ್ತದೆ ಎಂದು ಕ್ಯಾಸೆಟ್ಟಿನಲ್ಲಿ ಮಾಸ್ತರರು ಹೇಳಿದ್ದರು. ನಾನು ಪ್ರೋಗ್ರಾಮು ಬರೆದು ಮುಗಿಸಿ ಓಡಿಸಿದೆ. ಹಲಗೆ ಸತ್ತ ಹಾಗೆ ಬಿದ್ದಿತ್ತು. ಪರದೆ ಏನೋ ಹೇಳಿತು.

"ಓದು."

"ಓರೆಗೀಟು, ಎಚ್ಚು, ಓ, ಎಮ್ಮು, ಈ, ಓರೆಗೀಟು... ಓರೆಗೀಟು, ಬಿ, ಆರ್..."

ಹೋಮ್ ಎಂದರೆ ಎಲ್ಲರ ಕೋಣೆಗಳಿರುವ ಮನೆ, ಅದರ ಮುಂದಿನ ಎರಡು ಓರೆಗೀಟುಗಳ ನಡುವೆ ನನ್ನ ಹೆಸರು ಇರಬೇಕಾಗಿತ್ತು. ಇರಲಿಲ್ಲ. ಅದರ ಮುಂದಿನ ಅಕ್ಷರಗಳನ್ನು ಕೂಡಿಸಿದೆ. ಅನುಮತಿ ಇಲ್ಲ ಎಂದು ಬರೆದಿತ್ತು.

"ಸಾಲಿನ ಮೊದಲಿಗೆ ಏನೈತಿ?"

"ಚಕ್ಲಿ ಐತ್ರಿ."

"ಚಕ್ಲಿಗಿಂತ ಮೊದಲ?"

ಅವಳು ಮತ್ತೆ, "ಚಕ್ಲಿ ಐತ್ರಿ" ಎಂದಳು.

ಆಗ ನನಗೆ ಎಲ್ಲ ಸ್ಪಷ್ಟವಾಯಿತು ಎಂದುಕೊಂಡೆ. ಕಂಪ್ಯೂಟರು ನನ್ನ ಹೆಸರನ್ನು ನುಂಗಿಬಿಟ್ಟಿದೆ. ನಾನು ಯಾರೆಂದೇ ಅದಕ್ಕೆ ಗೊತ್ತಿಲ್ಲ. ಗೊತ್ತಿಲ್ಲದವನಿಗೆ ಹಲಗೆ ಮುಟ್ಟಲು ಅನುಮತಿ ಯಾಕೆ ಕೊಟ್ಟೀತು? ಇಷ್ಟು ಚೆಂದದ ತರ್ಕವನ್ನು ನಾನು ಜೀವನದಲ್ಲಿ ಮತ್ತೆ ಮಾಡಿಲ್ಲ. ಹೆಸರನ್ನು ಅಳಿಸಿ ಮತ್ತೆ ಕೊಟ್ಟೆ. ಅದೇ ಉತ್ತರ. ಇಡೀ ಲಿನಕ್ಸನ್ನೇ ಕಿತ್ತು ಹೊಸದಾಗಿ ಹಾಕಿದೆ. ಹಾಕಲು ಒಂದು ಪೂರಾ ರವಿವಾರ ಬೇಕು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಅವಳು ಒಂದೊಂದೇ ಅಕ್ಷರ ಓದುವಳು, ನಾನು ಒತ್ತುವೆ. ಕೊನೆಗೆ ಅದೇ ಎರಡು ಓರೆಗೀಟು, ನಡುವೆ ಬಯಲು.

ಬಾಯಿ ನನ್ನ ಹಿಡಿತ ತಪ್ಪಿತು. ಮೊದಮೊದಲು, ಸರಿಯಾಗಿ ನೋಡು ಎಂದೆ. ಆಮೇಲೆ, ಅಕ್ಷರ ತಿನ್ನಬ್ಯಾಡ ಎಂದೆ. ದಡ್ಡಿ, ನಿಮ್ಮೂರಿನ ಶಾಲೆಯಲ್ಲಿ ಏನು ಕತ್ತೆ ಕಾಯ್ದೆಯೋ ಎಂದೆ. ನವರಾತ್ರಿ ಹತ್ತಿರ ಬಂದಿತ್ತು. ದೀಪಾವಳಿಗೆ ಇನ್ನು ಕೆಲವೇ ವಾರ. ಒಂದು ರವಿವಾರ, ಹೆಸರು ಮತ್ತೆ ಮಾಯವಾದಾಗ, ಮೇಜು ಗುದ್ದಿ ಕೂಗಿದೆ: "ಕಣ್ಣಿದ್ದೂ ಕುರುಡಿ ಆಗೀಯೇನು ನೀ?"

ಚಿಕ್ಕಂದಿನಲ್ಲಿ ನನ್ನ ಓಣಿಯ ಹುಡುಗರು ನನಗೆ ಎಸೆಯುತ್ತಿದ್ದ ಶಬ್ದ ಅದು. ಅದನ್ನು ಎತ್ತಿ ಅವಳ ಮುಖಕ್ಕೆ ಒಗೆದೆ. ನಮ್ಮದು ಸಾಲು ಮನೆ, ಎರಡು ಮನೆಗೆ ಒಂದೇ ಗೋಡೆ, ಗೋಡೆ ಮಾಡಿಗೆ ಮುಟ್ಟುತ್ತಿರಲಿಲ್ಲ. ಆಚೆ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಅವರು ಕೇಳಿಸಿಕೊಳ್ಳುತ್ತಿದ್ದರು. ಅವಳು ಎದ್ದು ಹೋಗಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಮುಂದ ಓದ್ಲೇನ್ರಿ?" ಎಂದು ಕೇಳಿದಳು.

ಅದರ ಮುಂದಿನ ವಾರ ಬೇರೆ ಏನೂ ತೋಚದೆ, ಮಾಡಬಾರದು ಎಂದು ಕ್ಯಾಸೆಟ್ಟಿನಲ್ಲಿ ಎಚ್ಚರಿಸಿದ್ದನ್ನೇ ಮಾಡಿದೆ. ಲಿನಕ್ಸಿನಲ್ಲಿ ಎಲ್ಲರಿಗೂ ಮೇಲೆ ಒಬ್ಬ ಯಜಮಾನ ಇರುತ್ತಾನೆ. ಅವನಿಗೆ ಯಾವ ಬಾಗಿಲೂ ಮುಚ್ಚಿಲ್ಲ, ಅವನ ಕೋಣೆಯೂ ಬೇರೆ. ಅವನಾಗಿ ಒಳಗೆ ಹೋದರೆ ಸಣ್ಣ ತಪ್ಪಿಗೂ ಮನೆಯೇ ಕುಸಿಯಬಹುದು. ಕುಸಿದರೆ ಕುಸಿಯಲಿ ಎಂದು ಯಜಮಾನನಾಗಿ ಹೋದೆ. ಅಂದು ಅವಳ ಓದು ನೀರು ಹರಿದ ಹಾಗೆ ಇತ್ತು. ಎಲ್ಲೂ ತಡೆಯಿಲ್ಲ, ಎಲ್ಲೂ ಬಯಲಿಲ್ಲ. ಬೈದದ್ದರಿಂದ ಸುಧಾರಿಸಿದ್ದಾಳೆ ಎಂದುಕೊಂಡೆ. ದೇವರೇ, ಹಾಗೆಯೇ ಅಂದುಕೊಂಡೆ.

ಪ್ರೋಗ್ರಾಮು ಓಡಿಸಿದೆ. ಹುರಿಗಡಲೆ ಸಿಡಿದ ಸದ್ದು. ನಲವತ್ತು ಮನೆಗಳಲ್ಲೂ ಮೊನೆಗಳು ಎದ್ದವು.

ಪರದೆಯನ್ನು ನಾನೇ ಓದಿದೆ, ಅವಳೂ ಓದಿದಳು, ಇಬ್ಬರ ಓದೂ ಒಂದೇ. ತಪ್ಪು ಏನಿತ್ತೆಂದು ಆಗಲೇ ತಿಳಿಯಿತು. ಹಲಗೆಯ ತಂತಿ ಹೋಗುವ ಕಿಂಡಿಯನ್ನು ಲಿನಕ್ಸು ಸಾಮಾನ್ಯರಿಗೆ ಮುಚ್ಚಿಟ್ಟಿರುತ್ತದೆ, ಯಜಮಾನ ಒಂದು ಮಾತು ಹೇಳಿದರೆ ತೆಗೆಯುತ್ತದೆ. ಅಷ್ಟೇ. ಹೆಸರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹಾಗಾದರೆ ನನ್ನ ಹೆಸರು ಎಲ್ಲಿ ಹೋಗಿತ್ತು ಎಂದು, ಯಾರು ಯಾರಿಗೆ ಕೋಣೆ ಇದೆ ಎಂದು ತೋರಿಸುವ ಆಜ್ಞೆ ಕೊಟ್ಟೆ. ಬೆರಳ ಕೆಳಗೆ ಒಂದೇ ಒಂದು ಹೆಸರು ಎದ್ದಿತು. ನನ್ನದು. ಒಂದಕ್ಷರವೂ ತಪ್ಪಿಲ್ಲದೆ.

"ಇಲ್ಲೇನ ಬರದೈತಿ, ಓದು" ಎಂದೆ.

ಅವಳು ಕೈಬಳೆ ತಿರುವುವ ಸದ್ದು ಕೇಳಿಸಿತು.

"ಓದಂದ್ರ?" ಎಂದೆ ಮತ್ತೆ.

"ಅದನ್ನ ಹೆಂಗ ಓದ್ಲಿರಿ?" ಎಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಒಡಪ ಹಾಕದ?"

ಮದುವೆಯ ದಿನ ಹೆಂಗಸರೆಲ್ಲ ಸುತ್ತುಗಟ್ಟಿ ಬಾಗಿಲು ತಡೆದು, ಗಂಡನ ಹೆಸರು ಹೇಳು ಎಂದು ಕಾಡಿದಾಗ ಅವಳು ಪ್ರಾಸ ಕಟ್ಟಿದ ಎರಡು ಸಾಲಿನ ಒಡಪಿನೊಳಗೆ ಸೇರಿಸಿ ನನ್ನ ಹೆಸರು ಹೇಳಿದ್ದಳು. ಅದೇ ಮೊದಲು, ಅದೇ ಕೊನೆ. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಅಂಧರ ಪಾಸು ನೋಡಿ ಹೆಸರೇನು ಎಂದು ಕೇಳಿದರೆ ಮೊಣಕೈಯಿಂದ ನನ್ನನ್ನು ತಿವಿಯುತ್ತಿದ್ದಳು. ಆ ಪಾಸನ್ನು ತೋರಿಸಿ ತೋರಿಸಿಯೇ ಇಂಗ್ಲಿಷಿನಲ್ಲಿ ನನ್ನ ಹೆಸರಿನ ಆಕಾರ ಅವಳ ಕಣ್ಣಿಗೆ ರೂಢಿಯಾಗಿತ್ತು. ಪರದೆಯ ಮೇಲೆ ಅದು ಬಂದಾಗೆಲ್ಲ, ಅಂಗಳದಲ್ಲಿ ಮಲಗಿದವರನ್ನು ದಾಟದೆ ಬಳಸಿ ಹೋಗುವಂತೆ, ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದಳು. ಯಜಮಾನನಾಗಿ ಒಳಗೆ ಹೋದಾಗ ಪರದೆಯ ಮೇಲೆ ನನ್ನ ಹೆಸರೇ ಇರಲಿಲ್ಲ, ಅದಕ್ಕೇ ಓದು ತಡೆಯಿಲ್ಲದೆ ಹರಿದಿತ್ತು. ಇದು ನಮ್ಮ ಕಡೆ ಎಳೆಯ ಹುಡುಗರಿಗೂ ಗೊತ್ತಿರುವ ರೀತಿ. ನನಗೆ ಹೊಳೆಯಲಿಲ್ಲ. ಕಂಪ್ಯೂಟರಿನ ಹೊಟ್ಟೆಯೊಳಗೆಲ್ಲ ಕೈ ಹಾಕಿ ಹುಡುಕಿದೆ, ಪಕ್ಕದ ಸ್ಟೂಲಿನ ಮೇಲೆ ಕೂತವಳ ಕಡೆ ಮಾತ್ರ ಹುಡುಕಲಿಲ್ಲ.

"ಹೇಳಬೇಕಾಗಿತ್ತಲ್ಲ, ಇಲ್ಲಿ ನಿಮ್ಮ ಹೆಸರೈತಿ ಅಂತ?"

"ನಿಮ್ಮ ಹೆಸರು ನಿಮಗ ಗೊತ್ತಿಲ್ಲೇನ್ರಿ? ಅದನ್ಯಾಕ ಕೇಳ್ತೀರಿ ಅಂತ ತಿಳಕೊಂಡೆ. ಗೊತ್ತಿಲ್ಲದ್ದನ್ನಷ್ಟ ಓದೀನಿ."

ನನ್ನ ಮುಖ ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಆಫೀಸಿನಲ್ಲಿ ಯಾವುದೋ ಯಂತ್ರದ ದನಿಯನ್ನು ನಾಲ್ಕು ಜನ ಕೇಳಿ ನಕ್ಕರೆಂದು ನಾನು ನೆಲ ಬಿರಿಯಲಿ ಎಂದುಕೊಂಡವನು. ಮನೆಯಲ್ಲಿ ನನ್ನದೇ ದನಿ ವಾರ ವಾರವೂ ಗೋಡೆ ಹಾರಿ ಹೋಗಿ ಓಣಿಯ ಕಿವಿಗೆಲ್ಲ ಅವಳನ್ನು ದಡ್ಡಿ, ಕುರುಡಿ ಎಂದು ಓದಿ ಹೇಳಿತ್ತು. ನೀರಿಗೆ ಹೋದಾಗ ನಳದ ಬಳಿ ಹೆಂಗಸರು ಅವಳನ್ನು ಏನು ಕೇಳಿರಬಹುದು, ಅವಳು ಯಾವ ಮುಖ ಹೊತ್ತು ನಿಂತಿರಬಹುದು ಎಂದು ನೆನೆದು ಕಿವಿ ಬಿಸಿಯಾದವು. ತಪ್ಪಾಯಿತು ಎಂದು ಹೇಳಬೇಕೆನಿಸಿತು. ಬದಲಿಗೆ, "ಚಹಾ ಮಾಡು" ಎಂದೆ. ಅವಳು ಎದ್ದು ಹೋಗಿ ಮಾಡಿದಳು.

ದೀಪಾವಳಿಗೆ ಮೊದಲೇ ಹಲಗೆ ಆಫೀಸಿಗೆ ಹೋಯಿತು. ಮಾಸ್ತರರು ಬಂದು ಅಲ್ಲಿಯ ಕಂಪ್ಯೂಟರಿನಲ್ಲಿ ಲಿನಕ್ಸಿಗೆ ಜಾಗ ಮಾಡಿಕೊಟ್ಟರು. ಪತ್ರ, ಲಾರಿಗಳ ವರದಿ, ಎಲ್ಲ ಅಕ್ಷರದ ಪರದೆಯಲ್ಲೇ ಆಯಿತು. ಡ್ರೈವರುಗಳು ಬಂದು, ದೊರೆ ಎಲ್ಲಿ ಹೋದ ಎಂದು ಕೇಳಿ ಬೇಸರದಿಂದ ಹೋದರು. ಕ್ಲಾರ್ಕಿಗೆ ಲೊಚಗುಟ್ಟಲು ಏನೂ ಸಿಗದಾಯಿತು. ಮಾಲಕರು ನನ್ನ ಹಿಂದೆ ಸ್ವಲ್ಪ ಹೊತ್ತು ನಿಂತು, "ಖರೇನ ಸದ್ದಿಲ್ಲ ಬಿಡು" ಎಂದರು. ನಾನು ಬಯಸಿದ್ದೆಲ್ಲ ಸಿಕ್ಕಿತ್ತು. ತಪ್ಪು ಮಾಡಿ, ಯಾರಿಗೂ ಕೇಳಿಸದಂತೆ ಅಳಿಸುವ ಸುಖವೂ ಸಿಕ್ಕಿತ್ತು. ಮನೆಯಲ್ಲಿ ಮಾಡಿದ್ದನ್ನು ಹಾಗೆ ಅಳಿಸಲು ಬರುತ್ತಿರಲಿಲ್ಲ. ಸಂಜೆ ಮನೆಗೆ ಬಂದು ಬಾಗಿಲ ಚಿಲಕಕ್ಕೆ ಕೈ ಹಾಕುವಾಗ ಪ್ರತಿ ದಿನ ಅದು ನೆನಪಾಗುತ್ತಿತ್ತು.

ಹಬ್ಬ ಮುಗಿದ ಮೇಲಿನ ರವಿವಾರ ಮನೆಯ ಕಂಪ್ಯೂಟರಿನಲ್ಲಿ ನನ್ನ ಹೆಸರನ್ನು ತೆಗೆದು ಬೇರೆ ಹೆಸರು ಕೊಟ್ಟೆ. ಅವಳನ್ನು ಕರೆದೆ. ನಾನು ಅವಳನ್ನು ಕರೆಯುವುದೆಂದರೆ "ಏ" ಎನ್ನುವುದು, ಇಲ್ಲವೆ "ಕೇಳಿಲ್ಲಿ" ಎನ್ನುವುದು. ಬಂದು ಸ್ಟೂಲಿನ ಮೇಲೆ ಕೂತಳು.

"ಸಾಲಿನ ಮೊದಲಿಗೆ ಏನೈತಿ?"

ಅವಳು ಒಂದು ಸಲ ಪರದೆಯನ್ನು ನೋಡಿ ನಿರಾಳವಾದಂತೆ ಉಸಿರು ಬಿಟ್ಟಳು. ನನ್ನ ಹೆಸರಲ್ಲ ಎಂಬುದು ಆಕಾರದಿಂದಲೇ ತಿಳಿದಿರಬೇಕು. ಒಂದೊಂದೇ ಅಕ್ಷರ ಬಿಡಿಸಿ, ಚಕ್ಲಿಯವರೆಗೂ, ಯಾವುದನ್ನೂ ಬಿಡದೆ ಓದಿದಳು. ಓದಿ, "ಇದು ಯಾರ ಹೆಸರ್ರಿ?" ಎಂದು ಕೇಳಿದಳು.

ಅವಳ ಹೆಸರು ಯಾವ ಪಾಸಿನ ಮೇಲೂ ಇಂಗ್ಲಿಷಿನಲ್ಲಿ ಇರಲಿಲ್ಲ. ಅವಳು ಅದನ್ನು ಆ ಅಕ್ಷರಗಳಲ್ಲಿ ಕಂಡೇ ಇರಲಿಲ್ಲ.

"ನಿಂದು" ಎಂದೆ.

ಸ್ಟೂಲು ಕಿರ್ ಎಂದಿತು. ಪರದೆಯ ಹತ್ತಿರಕ್ಕೆ ಬಗ್ಗಿದಳು ಎಂದು ತಿಳಿಯಿತು.

"ನಿಂದು ಅಂದ್ರ? ಕೂಡಿಸಿ ಹೇಳ್ರಿ. ಕೂಡಸೂದು ನಿಮ್ಮ ಕೆಲಸ ಅಂದಿದ್ರಿ."

ಬಾಯಿ ತೆರೆದೆ. ಬರಲಿಲ್ಲ. ಮದುವೆಯಲ್ಲಿ ನಮ್ಮ ಅತ್ತೆಯರು ಬಾಯಿಪಾಠ ಮಾಡಿಸಿದ ಒಡಪಿನಲ್ಲಿ ಒಮ್ಮೆ ಗಡಬಡಿಸಿ ಹೇಳಿದ್ದು ಬಿಟ್ಟರೆ ಆ ಹೆಸರನ್ನು ನಾನು ಬಾಯಿಂದ ಆಡಿದ್ದೇ ಇಲ್ಲ. ದಡ್ಡಿ ಎಂಬುದು ಬಂದಿತ್ತು, ಕುರುಡಿ ಎಂಬುದು ಬಂದಿತ್ತು, ಇದೊಂದು ಬಾಯಿಗೆ ಬಂದಿರಲಿಲ್ಲ.

"ನಾ ನಿಮ್ಮ ಹೆಸರು ಹೇಳಬಾರದು, ಅದು ಖರೆ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮಗ ನನ್ನ ಹೆಸರು ಹೇಳಬ್ಯಾಡ್ರಿ ಅಂತ ಯಾರೂ ಅಂದಿಲ್ಲಲ್ರಿ."

ಹೌದು. ಯಾರೂ ಅಂದಿರಲಿಲ್ಲ.

ಗೋಡೆಯಾಚೆ ಪಾತ್ರೆಗಳ ಸದ್ದು ನಡೆದಿತ್ತು. ಅವರಿಗೆ ಕೇಳಿಸೀತೆಂದು ದನಿ ಇಳಿಸಿ, ತಲೆ ತಗ್ಗಿಸಿ, ಹೆಸರು ಹೇಳಿದೆ.

"ಕೇಳಸಲಿಲ್ರಿ" ಎಂದಳು.